ಬಿಳಿ ಆಕಾಶ, ಕಪ್ಪು ತೋಟ: ನಮ್ಮೂರ ಬೆಳಕಿನಲ್ಲಿ ಫೋಟೋ ತೆಗೆಯುವ ಬಗೆ

ಫೋಟೋ ತೆಗೆಯುವ ಪಾಠಗಳು ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಹೆಚ್ಚಿನವು ಎಲ್ಲಿಯದೋ ಬೆಳಕಿಗೆ ಹೇಳಿದ ಪಾಠಗಳು. ಕಾಸರಗೋಡಿನ ಕಡೆ ಅವು ಅರ್ಧಂಬರ್ಧ ಮಾತ್ರ ನಡೆಯುತ್ತವೆ. ಜೂನಿನಿಂದ ಸೆಪ್ಟೆಂಬರ್ ತನಕ ಇಲ್ಲಿ ಆಕಾಶ ಬರೀ ಬಿಳಿ. ಬೇಸಗೆಯಲ್ಲಿ ನೆತ್ತಿ ಸುಡುವ ಬಿಸಿಲು. ಮನೆ ಸುತ್ತ ಅಡಿಕೆ ತೋಟ ಇದ್ದರಂತೂ ನಡುಮಧ್ಯಾಹ್ನವೂ ಮಬ್ಬು. ಅಂಗಳದಲ್ಲಿ ಕಣ್ಣು ಕುಕ್ಕುವ ಬೆಳಕು, ನಾಲ್ಕು ಹೆಜ್ಜೆ ಇಳಿದರೆ ಕತ್ತಲು.

ನಮ್ಮ ಕಣ್ಣು ಎರಡನ್ನೂ ಒಟ್ಟಿಗೆ ನೋಡುತ್ತದೆ. ಕ್ಯಾಮೆರಾಕ್ಕೆ ಅದು ಕಷ್ಟ. ತೋಟ ಕಾಣುವ ಹಾಗೆ ತೆಗೆದರೆ ಆಕಾಶ ಸುಟ್ಟು ಬೆಳ್ಳಗಾಗುತ್ತದೆ. ಆಕಾಶ ಉಳಿಸಿದರೆ ತೋಟ ಮಸಿ. ಹಾಗಾಗಿ ಈ ಊರಿನಲ್ಲಿ ಫೋಟೋ ತೆಗೆಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಚಿತ್ರದಲ್ಲಿ ಆಕಾಶ ಬೇಕಾ? ಹೆಚ್ಚಿನ ಸಲ ಬೇಡ. ಮೊಬೈಲನ್ನು ಸ್ವಲ್ಪ ಕೆಳಗೆ ವಾಲಿಸಿ, ಇಲ್ಲವೇ ಎರಡು ಮೆಟ್ಟಿಲು ಹತ್ತಿ ಮೇಲಿನಿಂದ ನೋಡಿ. ಬಿಳಿ ಆಕಾಶ ಹೊರಗೆ ಹೋಯಿತು ಎಂದರೆ ಅರ್ಧ ಕೆಲಸ ಮುಗಿಯಿತು. ಉಳಿದದ್ದು ಮುಂದೆ.

ಮೊದಲು ಮೊಬೈಲ್ ಒರೆಸಿ

ನಗಬೇಡಿ. ತೆಂಗಿನೆಣ್ಣೆಯ ಊರು ನಮ್ಮದು. ಬೆರಳಿನ ಎಣ್ಣೆ ಲೆನ್ಸಿಗೆ ಹತ್ತಿದರೆ ದೀಪದ ಸುತ್ತ ಮಂಜು ಕವಿದ ಹಾಗೆ ಕಾಣುತ್ತದೆ, ಬಣ್ಣ ಮಂಕಾಗುತ್ತದೆ. "ಕ್ಯಾಮೆರಾ ಹಳತಾಯ್ತು" ಎಂದು ಹೇಳುವವರ ಮೊಬೈಲನ್ನು ಒಮ್ಮೆ ಒರೆಸಿ ಕೊಟ್ಟು ನೋಡಿ. ಕನ್ನಡಕ ಒರೆಸುವ ಬಟ್ಟೆ ಒಳ್ಳೆಯದು. ಹಳೆಯ ಹತ್ತಿ ಬಟ್ಟೆಯೂ ಆದೀತು, ಮಣ್ಣು ಇರಬಾರದು ಅಷ್ಟೆ. ಹೆಗಲ ಮೇಲಿನ ಬೈರಾಸಿನ (ಟವೆಲಿನ) ತುದಿಯಿಂದ ಮಾತ್ರ ಉಜ್ಜಬೇಡಿ.

ಆಮೇಲೆ ಸೆಟ್ಟಿಂಗ್ಸಿಗೆ ಹೋಗಿ ಗ್ರಿಡ್ ಗೆರೆಗಳನ್ನು ಹಾಕಿಕೊಳ್ಳಿ. ಕಡಲು ಓರೆಯಾಗದಂತೆ ಅದು ಕಾಯುತ್ತದೆ.

ಇನ್ನೊಂದು ಕಲಿಯಲೇಬೇಕು. ಪರದೆಯ ಮೇಲೆ ಬೇಕಾದ ಜಾಗದಲ್ಲಿ ಬೆರಳು ಒತ್ತಿ ಹಿಡಿಯಿರಿ. ಹೆಚ್ಚಿನ ಮೊಬೈಲುಗಳಲ್ಲಿ ಫೋಕಸ್ ಮತ್ತು ಬೆಳಕು ಅಲ್ಲಿಗೇ ಬೀಗ ಬೀಳುತ್ತದೆ. ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತು ಬರುತ್ತದೆ. ಅದನ್ನು ಮೇಲೆ ಎಳೆದರೆ ಚಿತ್ರ ಬೆಳ್ಳಗಾಗುತ್ತದೆ, ಕೆಳಗೆ ಎಳೆದರೆ ಕಪ್ಪಾಗುತ್ತದೆ. ಈ ಲೇಖನದಲ್ಲಿ "ಬೆಳಕು ಇಳಿಸಿ", "ಬೆಳಕು ಏರಿಸಿ" ಎಂದು ಎಲ್ಲಿ ಹೇಳಿದರೂ ಈ ಸೂರ್ಯನನ್ನೇ ಎಳೆಯುವುದು. ದೊಡ್ಡ ಕ್ಯಾಮೆರಾ ಇರುವವರಿಗೆ ಅದು ಪ್ಲಸ್ ಮೈನಸ್ ಬಟನ್.

ಮನೆಯವರು: ಜಗಲಿಯೇ ಸ್ಟುಡಿಯೋ

ಅಜ್ಜಿಯ ಒಳ್ಳೆಯ ಫೋಟೋ ಒಂದೂ ಇಲ್ಲ ಎನ್ನುವ ಮನೆಗಳು ಬಹಳ. ಮದುವೆ ಆಲ್ಬಮ್ಮಿನಲ್ಲಿ ಯಾರದೋ ಹೆಗಲ ಹಿಂದೆ ಇರುತ್ತಾರೆ, ಇಲ್ಲವೇ ಗುರುತಿನ ಚೀಟಿಯಲ್ಲಿ. ಹಳೆಯ ಮನೆಗಳ ಜಗಲಿಯಂಥ ಬೆಳಕು ಪೇಟೆಯ ಸ್ಟುಡಿಯೋದಲ್ಲೂ ಇಲ್ಲ. ತಗ್ಗಿದ ಮಾಡು ನೇರ ಬಿಸಿಲನ್ನು ತಡೆಯುತ್ತದೆ. ಅಂಗಳದ ಬೆಳಕು ಮಾತ್ರ ಮುಖದ ಮೇಲೆ ಹದವಾಗಿ ಬೀಳುತ್ತದೆ.

ಅಜ್ಜಿಯನ್ನು ಜಗಲಿಯ ಅಂಚಿನಲ್ಲಿ, ಅಂಗಳದ ಕಡೆಗೆ ಮುಖ ಮಾಡಿ ಕುಳ್ಳಿರಿಸಿ. ಹಿಂದೆ ಚಾವಡಿಯ ಬಾಗಿಲು ತೆರೆದಿರಲಿ. ಒಳಗಿನ ಕತ್ತಲು ಹಿನ್ನೆಲೆಯಾಗುತ್ತದೆ, ಕ್ಯಾಲೆಂಡರ್, ಸ್ವಿಚ್ ಬೋರ್ಡು, ಚಾರ್ಜರ್ ವಯರು ಎಲ್ಲ ಮಾಯ. ನೀವು ಅಂಗಳದಲ್ಲಿ ನಿಲ್ಲಿ, ಆದರೆ ಬೆಳಕಿಗೆ ಅಡ್ಡ ಬರಬೇಡಿ. ಈಗ ಮುಖದ ಮೇಲೆ ಬೆರಳಿಟ್ಟು ಬೆಳಕನ್ನು ಒಂದು ಚೂರು ಇಳಿಸಿ. ಸುಕ್ಕು, ಮೂಗುತಿ, ನರೆಗೂದಲಿನ ಎಳೆ ಎಲ್ಲವೂ ಎದ್ದು ಬರುತ್ತದೆ. ಆ ಸುಕ್ಕನ್ನು ಬ್ಯೂಟಿ ಮೋಡ್ ಹಾಕಿ ಅಳಿಸಿದರೆ ಅಜ್ಜಿ ಉಳಿಯುವುದಿಲ್ಲ, ಮೇಣದ ಗೊಂಬೆ ಉಳಿಯುತ್ತದೆ. ಅದನ್ನು ಮೊದಲೇ ಆಫ್ ಮಾಡಿ.

ತೀರಾ ಹತ್ತಿರ ಹೋಗಬೇಡಿ. ಮೂಗಿನ ಬಳಿ ಮೊಬೈಲ್ ಹಿಡಿದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಕಾಣುತ್ತದೆ. ಆರೇಳು ಅಡಿ ದೂರ ನಿಂತು 2ಎಕ್ಸ್ ಜೂಮ್ ಹಾಕಿ. ಕನ್ನಡಕ ಹೊಳೆಯುತ್ತಿದ್ದರೆ ಕನ್ನಡಕ ತೆಗೆಸಬೇಡಿ, ತಲೆಯನ್ನು ಸ್ವಲ್ಪ ತಗ್ಗಿಸಲು ಇಲ್ಲವೇ ಓರೆ ಮಾಡಲು ಹೇಳಿ.

"ನಗಿ ಅಜ್ಜಿ" ಎಂದರೆ ಯಾರೂ ನಗುವುದಿಲ್ಲ. ಬಾಯಿ ಬಿಗಿಯಾಗುತ್ತದೆ. "ಅಜ್ಜಿ, ನಿಮ್ಮ ಮದುವೆ ದಿಬ್ಬಣ ಎಲ್ಲಿಂದ ಹೊರಟದ್ದು?" ಎಂದು ಕೇಳಿ. ಕತೆ ಶುರುವಾಗುತ್ತದೆ. ಕೈ ಆಡುತ್ತದೆ, ಕಣ್ಣು ಎಲ್ಲೋ ಹೋಗುತ್ತದೆ. ಆಗ ಒತ್ತುತ್ತಾ ಇರಿ. ಕೆಲಸ ಮಾಡುವವರನ್ನು ತೆಗೆಯುವುದು ಇನ್ನೂ ಸುಲಭ. ಅಡಿಕೆ ಸುಲಿಯುವ ಕೈ, ವೀಳ್ಯದೆಲೆಗೆ ಸುಣ್ಣ ಹಚ್ಚುವ ಬೆರಳು, ಸೋಗೆಯಿಂದ ಕಡ್ಡಿ ಕೀಳುವ ದೊಡ್ಡಮ್ಮ. ಕೈಗೆ ಕೆಲಸ ಇದ್ದವರು ಕ್ಯಾಮೆರಾವನ್ನು ಮರೆಯುತ್ತಾರೆ.

ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಚಪ್ಪರ ನಿಮ್ಮ ಮನೆಯಲ್ಲಿ ಇದ್ದರೆ ನಿಮ್ಮಷ್ಟು ಅದೃಷ್ಟವಂತರಿಲ್ಲ. ಮಾಸಲು ಪ್ಲಾಸ್ಟಿಕ್ ಬಿಸಿಲನ್ನು ಸೋಸಿ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಸ್ಟುಡಿಯೋದವರು ದುಡ್ಡು ಕೊಟ್ಟು ತರುವ ಸಾಫ್ಟ್‌ಬಾಕ್ಸ್ ಮಾಡುವುದೂ ಇದನ್ನೇ. ಮಕ್ಕಳನ್ನು ಬೆಳಗ್ಗೆ ಎಂಟೂವರೆಗೆ ಅದರೊಳಗೆ ಆಡಲು ಬಿಡಿ. ಹತ್ತು ದಾಟಿದರೆ ಒಳಗೆ ಬೇಯುತ್ತದೆ, ಬೇಡ.

ಗುಂಪು ಫೋಟೋಕ್ಕೆ ಎರಡೇ ಮಾತು. ಅಂಚಿನಲ್ಲಿ ನಿಂತವರು ಅಗಲವಾಗಿ ಕಾಣುತ್ತಾರೆ, ಆದ್ದರಿಂದ ಎರಡೂ ಕಡೆ ಜಾಗ ಬಿಟ್ಟು ಹಿಂದೆ ಸರಿಯಿರಿ. ಮತ್ತೆ, ಒಂದಲ್ಲ, ಏಳೆಂಟು ತೆಗೆಯಿರಿ. ಯಾರೋ ಒಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ.

ಮನೆಯವರಲ್ಲದವರ ಫೋಟೋ ತೆಗೆಯುವ ಮೊದಲು ಕೇಳಿ. ನಮ್ಮ ಜಿಲ್ಲೆಗೆ ಇದು ಬರೀ ಮರ್ಯಾದೆಯ ಮಾತಲ್ಲ. ಎಂಡೋಸಲ್ಫಾನ್ ಕೀಟನಾಶಕ ತಂದ ಸಂಕಟವನ್ನು ಹೊರಲೋಕ ನಂಬಿದ್ದರಲ್ಲಿ ಫೋಟೋಗಳ ಪಾಲು ದೊಡ್ಡದು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕಕ್ಕೆ ತಡೆ ಹಾಕಿತು. ಆದರೂ ಕಾಯಿಲೆಯವರ ಮುಖವನ್ನು ಮನೆಯವರ ಒಪ್ಪಿಗೆ ಇಲ್ಲದೆ ಸ್ಟೇಟಸ್ಸಿಗೆ ಹಾಕುವುದು ಸರಿಯಲ್ಲ, ಉದ್ದೇಶ ಎಷ್ಟೇ ಒಳ್ಳೆಯದಿರಲಿ.

ದನ, ನಾಯಿ, ಬೆಕ್ಕು

ಪ್ರಾಣಿಯ ಕಣ್ಣಿನ ಎತ್ತರಕ್ಕೆ ಇಳಿಯಿರಿ. ನಿಂತು ತೆಗೆದರೆ ಬೆನ್ನು ಮಾತ್ರ ಬರುತ್ತದೆ. ಕಾಸರಗೋಡು ಗಿಡ್ಡ ದನ ಮನುಷ್ಯರ ಸೊಂಟದ ಎತ್ತರಕ್ಕಷ್ಟೇ ಬರುವ ತಳಿ. ಅದನ್ನು ನಿಂತು ತೆಗೆದರೆ ಕುರಿಯ ಹಾಗೆ ಕಾಣುತ್ತದೆ. ಮೊಣಕಾಲೂರಿ, ಮೊಬೈಲನ್ನು ಅದರ ಮೂತಿಯ ಮಟ್ಟಕ್ಕೆ ಹಿಡಿಯಿರಿ. ಆಗ ಕೊಂಬು, ಗಂಗೆದೊಗಲು, ಒದ್ದೆ ಮೂಗು ಎಲ್ಲ ತಮ್ಮ ಗತ್ತಿನಲ್ಲಿ ಬರುತ್ತವೆ. ಹಿಂದೆ ತೋಟದ ಕಪ್ಪು ಹಸಿರು ಇರಲಿ, ಆಕಾಶ ಬೇಡ.

ಬಣ್ಣದ ಲೆಕ್ಕ ಒಂದಿದೆ. ಕ್ಯಾಮೆರಾಕ್ಕೆ ಎಲ್ಲವೂ ನಡು ಬೂದು ಆಗಬೇಕೆಂಬ ಹಟ. ಕರಿ ನಾಯಿಯನ್ನು ತೋರಿಸಿದರೆ "ಕತ್ತಲಿದೆ" ಎಂದುಕೊಂಡು ಬೆಳಕು ಹೆಚ್ಚಿಸುತ್ತದೆ, ನಾಯಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಿಳಿ ದನವನ್ನು ತೋರಿಸಿದರೆ ಕಡಿಮೆ ಮಾಡಿ ಕೊಳೆ ಬಣ್ಣ ಬರಿಸುತ್ತದೆ. ಆದ್ದರಿಂದ ಕಪ್ಪು ಪ್ರಾಣಿಗೆ ಬೆಳಕು ಇಳಿಸಿ, ಬಿಳಿಗೆ ಏರಿಸಿ. ಕೇಳಲು ತಲೆಕೆಳಗು ಅನ್ನಿಸುತ್ತದೆ, ಅಲ್ವಾ? ಮಾಡಿ ನೋಡಿ.

ಬೆಕ್ಕಿಗೆ ಫ್ಲ್ಯಾಶ್ ಹಾಕಬೇಡಿ. ಅದರ ಕಣ್ಣಿನ ಹಿಂಪದರ ಕನ್ನಡಿಯ ಹಾಗೆ ಬೆಳಕನ್ನು ವಾಪಸು ಎಸೆಯುತ್ತದೆ, ಚಿತ್ರದಲ್ಲಿ ಎರಡು ಹಸಿರು ಬಲ್ಬು ಉಳಿಯುತ್ತದೆ. ಕಿಟಕಿಯ ಬಳಿ ಮಲಗುವ ಹೊತ್ತು ನೋಡಿ ತೆಗೆಯಿರಿ. ಪೋರ್ಟ್ರೇಟ್ ಮೋಡ್ ಬೆಕ್ಕಿನ ಮೀಸೆಯನ್ನು ಅರ್ಧ ಕತ್ತರಿಸುತ್ತದೆ, ಸಾದಾ ಮೋಡಿನ 2ಎಕ್ಸ್ ಸಾಕು.

ಓಡುವ ನಾಯಿಗೆ ಪ್ರೊ ಮೋಡಿನಲ್ಲಿ (ಎಲ್ಲವನ್ನೂ ನಾವೇ ಹೊಂದಿಸುವ ಮೋಡ್) ಶಟರ್ 1/500 ಸೆಕೆಂಡ್ ಅಥವಾ ಅದಕ್ಕಿಂತ ವೇಗ ಇಡಿ. ಪ್ರೊ ಮೋಡ್ ಇಲ್ಲದವರು ಬಯಲಿನ ಬಿಸಿಲಿನಲ್ಲಿ ತೆಗೆಯಿರಿ, ಬೆಳಕು ಜಾಸ್ತಿ ಇದ್ದರೆ ಮೊಬೈಲ್ ತಾನೇ ವೇಗ ಹೆಚ್ಚಿಸುತ್ತದೆ. ಶಟರ್ ಬಟನ್ ಒತ್ತಿ ಹಿಡಿದರೆ, ಕೆಲವು ಮೊಬೈಲುಗಳಲ್ಲಿ ಪಕ್ಕಕ್ಕೆ ಎಳೆದರೆ, ಪಟಪಟನೆ ಸಾಲು ಚಿತ್ರ ಬೀಳುತ್ತದೆ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸಿ. ಅಳಿಸದವರ ಮೊಬೈಲ್ ಮಳೆಗಾಲದ ಮೊದಲೇ ತುಂಬುತ್ತದೆ.

ಹಕ್ಕಿ ಮತ್ತು ಕಾಡುಪ್ರಾಣಿ

ಮೊಬೈಲಿನಲ್ಲಿ ಹಕ್ಕಿ ತೆಗೆಯುವ ಆಸೆಯನ್ನು ಸ್ವಲ್ಪ ಅದುಮಿಕೊಳ್ಳಿ. ಬಾಳೆಗೊನೆಯ ಹೂವಿಗೆ ಬರುವ ಸೂರಕ್ಕಿ, ಅಂಗಳದ ಪಿಕಳಾರ, ಗದ್ದೆ ಬದುವಿನ ಬೆಳ್ಳಕ್ಕಿ, ಇಷ್ಟು ಸಾಧ್ಯ. ಬಾಳೆಯಿಂದ ಏಳೆಂಟು ಅಡಿ ದೂರದ ಕಿಟಕಿಯ ಹಿಂದೆ ಅಲುಗಾಡದೆ ಕೂತರೆ ಸೂರಕ್ಕಿ ತಾನೇ ಬರುತ್ತದೆ. ಹಾರುವ ಗರುಡನಿಗೆ ದೊಡ್ಡ ಕ್ಯಾಮೆರಾ ಬೇಕು, 300 ಮಿಲಿಮೀಟರಿನ ಲೆನ್ಸ್ ಬೇಕು, ಶಟರ್ 1/1000ಕ್ಕಿಂತ ವೇಗ ಬೇಕು. ಅದು ಬೇರೆಯೇ ಖರ್ಚಿನ ಹುಚ್ಚು.

ಗೂಡಿನ ಬಳಿ ಹೋಗಬೇಡಿ. ನಮ್ಮ ಕರಾವಳಿಯ ಎತ್ತರದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುತ್ತದೆ. ಕಾಸರಗೋಡು ಜಿಲ್ಲಾ ಪಂಚಾಯತು ಅದನ್ನೇ ಜಿಲ್ಲೆಯ ಹಕ್ಕಿ ಎಂದು ಘೋಷಿಸಿದೆ. ಜನ ಹತ್ತಿರ ಸುಳಿದರೆ ತಾಯಿ ಗೂಡು ಬಿಡುತ್ತದೆ, ಮರಿಯನ್ನು ಕಾಗೆ ಕುಕ್ಕುತ್ತದೆ. ಗೂಡಿನ ಜಾಗವನ್ನು ಗುರುತು ಸಿಗುವಂತೆ ಹಂಚುವುದೂ ಬೇಡ. ಮುಳಿಯಾರು, ದೇಲಂಪಾಡಿ ಕಡೆಯಲ್ಲಿ ತೋಟಕ್ಕೆ ಆನೆ ಇಳಿದಾಗ ಮೊಬೈಲ್ ಹಿಡಿದು ಓಡುವವರಿದ್ದಾರೆ. ಅವರಿಗೆ ಹೇಳಲು ನನ್ನಲ್ಲಿ ಟಿಪ್ಸ್ ಇಲ್ಲ. ಮನೆಯೊಳಗೆ ಇರಿ.

ಕುಂಬಳೆ ಹತ್ತಿರದ ಅನಂತಪುರ ಕೆರೆ ದೇವಸ್ಥಾನಕ್ಕೆ ಹೋಗುವವರೆಲ್ಲ ಮೊಸಳೆಯ ಫೋಟೋ ಹುಡುಕುತ್ತಾರೆ. ಎಲ್ಲರಿಗೂ ಗೊತ್ತಿದ್ದ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಹೋಯಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಕಾಣದಿದ್ದರೆ ಕಲ್ಲೆಸೆದು ಎಬ್ಬಿಸುವ ಕೆಲಸ ಬೇಡ. ಕೆರೆಯ ನಡುವಿನ ಗುಡಿ, ಹಸಿರು ನೀರಿನಲ್ಲಿ ಅದರ ನೆರಳು, ಸುತ್ತ ಮುರಕಲ್ಲು (ಜಂಬಿಟ್ಟಿಗೆ), ಚಿತ್ರಕ್ಕೆ ಇಷ್ಟೇ ಸಾಕು. ಗಾಳಿ ಏಳುವ ಮೊದಲು, ಬೆಳಗ್ಗೆ ಹೋದರೆ ನೀರು ಅಲುಗುವುದಿಲ್ಲ. ಎಲ್ಲಿಯ ತನಕ ಫೋಟೋ ತೆಗೆಯಬಹುದು ಎಂದು ಅಲ್ಲಿಯವರನ್ನೇ ಕೇಳಿ.

ಬೇಕಲ, ಪದವು, ರಾಣಿಪುರ

ಆಕಾಶ ಬೇಡ ಎಂದೆ. ದೃಶ್ಯಕ್ಕೆ ಹೋದಾಗ ಆ ಮಾತು ಸ್ವಲ್ಪ ಸಡಿಲ. ಆಕಾಶದಲ್ಲಿ ಏನಾದರೂ ನಡೆಯುತ್ತಿದ್ದರೆ ಧಾರಾಳವಾಗಿ ಕೊಡಿ, ಚಿತ್ರದ ಮುಕ್ಕಾಲು ಭಾಗ ಕೊಟ್ಟರೂ ತಪ್ಪಿಲ್ಲ. ಅಕ್ಟೋಬರ್, ನವೆಂಬರಿನ ಸಂಜೆ ಗುಡುಗು ಮಳೆ ಬಂದು ಹೋದ ಮೇಲಿನ ಅರ್ಧ ಗಂಟೆ ವರ್ಷದಲ್ಲೇ ಒಳ್ಳೆಯ ಬೆಳಕು. ಧೂಳು ತೊಳೆದುಹೋಗಿರುತ್ತದೆ, ಮೋಡ ಪದರ ಪದರವಾಗಿರುತ್ತದೆ. ಏಪ್ರಿಲ್‌ನಲ್ಲಿ ಅದೇ ಜಾಗ ಮಾಸಿದ ಬಟ್ಟೆ.

ಬೇಕಲ ಕೋಟೆಯನ್ನು ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, 1650ರ ಸುಮಾರಿಗೆ. ಸುಮಾರು 40 ಎಕರೆಯ ಮುರಕಲ್ಲಿನ ಕೋಟೆ. ಎಲ್ಲರೂ ಕಡಲಿನ ಎದುರು ನಿಂತು ಸೆಲ್ಫಿ ತೆಗೆಯುತ್ತಾರೆ, ಹಾಗಾಗಿ ಎಲ್ಲರ ಫೋಟೋ ಒಂದೇ. ನೀವು ಮುರಕಲ್ಲನ್ನು ನೋಡಿ. ಬೆಳಗ್ಗೆ ಓರೆ ಬಿಸಿಲು ಬಿದ್ದಾಗ ಅದರ ಒಂದೊಂದು ತೂತಿಗೂ ನೆರಳು ಬರುತ್ತದೆ. ಮಳೆ ನೆನೆದರೆ ಕಲ್ಲು ಕಡು ಕೆಂಪು, ಹುಲ್ಲು ಕಣ್ಣು ಕೋರೈಸುವ ಹಸಿರು. ಇಷ್ಟು ದೊಡ್ಡ ಕೋಟೆಯ ಗಾತ್ರ ಚಿತ್ರದಲ್ಲಿ ತಿಳಿಯಬೇಕಾದರೆ ಒಬ್ಬ ಮನುಷ್ಯ ಬೇಕು. ತಂಗಿಯನ್ನೋ ಬಾವನನ್ನೋ ಬುರುಜಿನ ಮೇಲೆ ನಡೆಯಲು ಕಳಿಸಿ, ನೀವು ದೂರದಲ್ಲಿ ನಿಲ್ಲಿ. ಅಂಚಿಗೆ ಹೋಗಲು ಮಾತ್ರ ಹೇಳಬೇಡಿ, ಮಳೆಗಾಲದಲ್ಲಿ ಪಾಚಿ ಜಾರುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕ ಅದು. ಟ್ರೈಪಾಡ್, ಡ್ರೋನ್ ಎಲ್ಲ ಅನುಮತಿಯಿಲ್ಲದೆ ಒಯ್ಯಬೇಡಿ. ಬಾಗಿಲು ಮುಚ್ಚುವ ಹೊತ್ತನ್ನು ಟಿಕೆಟ್ ಕೌಂಟರಿನಲ್ಲೇ ಕೇಳಿಕೊಳ್ಳಿ.

ಸೂರ್ಯಾಸ್ತಕ್ಕೆ ಕಡಲತಡಿಯೇ ಸರಿ. ಡಿಸೆಂಬರಿನಲ್ಲಿ ಆರು ದಾಟುವಷ್ಟರಲ್ಲಿ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ ಏಳಕ್ಕೆ ಹತ್ತಿರ. ಬೆರಳನ್ನು ಸೂರ್ಯನ ಮೇಲಲ್ಲ, ಪಕ್ಕದ ಕೆಂಪು ಆಕಾಶದ ಮೇಲೆ ಒತ್ತಿ ಬೆಳಕು ಇಳಿಸಿ. ಮುಂದೆ ದೋಣಿಯೋ ಬಲೆ ಎಳೆಯುವವರೋ ಇದ್ದರೆ ಕಪ್ಪು ಆಕೃತಿಯಾಗಿ ಬರುತ್ತಾರೆ. ಸೂರ್ಯ ಮುಳುಗಿದ ಕೂಡಲೇ ಐಸ್‌ಕ್ರೀಮಿಗೆ ಹೋಗಬೇಡಿ. ಬಣ್ಣ ಏರುವುದು ಆಮೇಲೆ.

ಪದವು ಎಂದರೆ ಮುರಕಲ್ಲಿನ ಬಯಲು ಗುಡ್ಡೆ. ಅವುಗಳನ್ನು ಯಾರೂ ಟೂರಿಸ್ಟ್ ಜಾಗ ಎನ್ನುವುದಿಲ್ಲ. ಬೇಸಗೆಯಲ್ಲಿ ಬೋಳು ಮುರಕಲ್ಲು. ಆದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ತೆಳ್ಳಗೆ ನೀರು ನಿಂತಲ್ಲೆಲ್ಲ ಪುಟ್ಟ ನೀಲಿ ಹೂ ಹಾಸಿರುತ್ತದೆ. ಮಲಯಾಳಿಗಳು ಓಣಂ ಪೂಕಳಕ್ಕೆ (ಹೂವಿನ ರಂಗೋಲಿಗೆ) ಹಾಕುವ ಕಾಕ್ಕಪ್ಪೂ ಅದು. ಹೂವು ಬೆರಳಿನ ಉಗುರಿಗಿಂತ ಚಿಕ್ಕದು. ಮೊಬೈಲನ್ನು ತಲೆಕೆಳಗು ಹಿಡಿಯಿರಿ, ಲೆನ್ಸ್ ನೆಲಕ್ಕೆ ಹತ್ತಿರ ಬರುತ್ತದೆ. ಹತ್ತಿರದ ಹೂವಿಗೆ ಫೋಕಸ್ ಮಾಡಿದರೆ ಹಿಂದಿನದ್ದೆಲ್ಲ ನೀಲಿ ಹೊಗೆಯ ಹಾಗೆ ಕರಗುತ್ತದೆ. ಇಲ್ಲಿ ಬಿಳಿ ಆಕಾಶವೂ ಉಪಕಾರಿ, ನೆರಳಿಲ್ಲದ ಮೆದು ಬೆಳಕು ಹೂವಿಗೆ ಒಳ್ಳೆಯದು. ಕಾಲಿಡುವಲ್ಲಿ ನೋಡಿ ಇಡಿ.

ರಾಣಿಪುರಕ್ಕೆ ಬೆಳಗ್ಗೆ ಬೇಗ ಹೋಗಿ. ಹುಲ್ಲುಗುಡ್ಡದ ಮೇಲೆ ಮಂಜು ಹರಿಯುವಾಗ ಕ್ಯಾಮೆರಾ ಅದನ್ನೂ ಬೂದು ಮಾಡುತ್ತದೆ, ಬೆಳಕು ಸ್ವಲ್ಪ ಏರಿಸಿ. ಮಳೆಗಾಲದಲ್ಲಿ ಉಂಬುಳ (ಜಿಗಣೆ) ಧಾರಾಳ. ಉಪ್ಪು ಕಟ್ಟಿಕೊಂಡು ಹೋಗಿ. ದಾರಿ ತೆರೆದಿದೆಯೇ ಎಂದು ಅರಣ್ಯ ಇಲಾಖೆಯವರಲ್ಲಿ ಕೇಳಿ ಹೊರಡುವುದು ಒಳ್ಳೆಯದು.

ರೈಲಿನ ಕಿಟಕಿಯಿಂದ

ಮಂಗಳೂರಿನಿಂದ ಕಾಸರಗೋಡಿಗೆ ಬರುವಾಗ ಕಡಲು ಬಲಗಡೆ. ನೇತ್ರಾವತಿ, ಶಿರಿಯ, ಮೊಗ್ರಾಲ್ ಹೊಳೆಗಳು ಒಂದೊಂದಾಗಿ ಬರುತ್ತವೆ, ಇನ್ನೂ ಮುಂದೆ ಹೋದರೆ ಚಂದ್ರಗಿರಿ. ಸೇತುವೆಯ ಕಂಬಿಗಳು ಅಡ್ಡ ಬರುತ್ತವೆ, ಅವು ತಪ್ಪಿದ ಕ್ಷಣ ಸಿಗಲು ಸಾಲು ಚಿತ್ರ ತೆಗೆಯಿರಿ. ಏಸಿ ಬೋಗಿಯಲ್ಲಿ ಮೊಬೈಲನ್ನು ಗಾಜಿಗೆ ತಾಗಿಸಿ ಹಿಡಿದು ಕೈಯಿಂದ ಸುತ್ತ ಮರೆ ಮಾಡಿ, ಪ್ರತಿಬಿಂಬ ಹೋಗುತ್ತದೆ. ಹಳಿಯ ಪಕ್ಕದ ತೆಂಗು ಹೇಗೂ ಮಸುಕಾಗುತ್ತದೆ. ದೂರದ ಹೊಳೆ, ಗುಡ್ಡೆ ನಿಧಾನ ಸರಿಯುತ್ತದೆ, ಅದನ್ನು ನೋಡಿ. ಕೈ ಹೊರಗೆ ಚಾಚುವುದು, ಬಾಗಿಲಲ್ಲಿ ಜೋತು ತೆಗೆಯುವುದು, ಹಳಿ ಮೇಲೆ ನಿಂತು ಸೆಲ್ಫಿ, ಈ ಮೂರೂ ಬೇಡ.

ಒತ್ತೆಕೋಲ, ತೆಯ್ಯಂ, ಆಟ

ತುಲಾ ತಿಂಗಳ ಹತ್ತರಿಂದ, ಅಂದರೆ ಅಕ್ಟೋಬರ್ ಕೊನೆಗೆ, ದೈವದ ಕುಣಿತವಾದ ತೆಯ್ಯಂ ಶುರು. ಮೇ ಕೊನೆಯ ಪತ್ತನಾಜೆಗೆ ನಮ್ಮ ಕಡೆಯ ಕೋಲ, ಯಕ್ಷಗಾನದ ಆಟ ಎಲ್ಲ ನಿಲ್ಲುತ್ತದೆ. ಮೊದಲ ಹೆಜ್ಜೆ ಕ್ಯಾಮೆರಾದ್ದಲ್ಲ. ತರವಾಡಿನ (ಕುಟುಂಬದ ಮೂಲಮನೆಯ) ಹಿರಿಯರನ್ನೋ ಸಮಿತಿಯವರನ್ನೋ ಕೇಳಿ. ಕೆಲವು ಕಡೆ ಮೊಬೈಲ್ ತೆಗೆಯುವಂತಿಲ್ಲ. ಬಣ್ಣ ಹಾಕುವ ಹೊತ್ತು ತುಂಬ ಚೆಂದ, ಆದರೆ ಬಣ್ಣ ಹಾಕಿಸಿಕೊಳ್ಳುವವರು ವ್ರತದಲ್ಲಿರುತ್ತಾರೆ. ದೂರ ನಿಲ್ಲಿ, ಮಾತಾಡಿಸಬೇಡಿ.

ಒತ್ತೆಕೋಲದಲ್ಲಿ ನಸುಕಿಗೆ ವಿಷ್ಣುಮೂರ್ತಿ ದೈವ ಮೇಲೇರಿಯ (ಸೌದೆ ಒಟ್ಟಿ ಉರಿಸಿದ ರಾಶಿಯ) ಕೆಂಡಕ್ಕೆ ಬೀಳುವ ಹೊತ್ತು ಎಲ್ಲರ ಮೊಬೈಲೂ ಮೇಲೇಳುತ್ತದೆ. ಹೆಚ್ಚಿನ ಚಿತ್ರ ಯಾಕೆ ಹಾಳಾಗುತ್ತದೆ ಗೊತ್ತಾ? ಕತ್ತಲು ಕಂಡ ಕೂಡಲೇ ಹಲವು ಮೊಬೈಲುಗಳಲ್ಲಿ ನೈಟ್ ಮೋಡ್ ತಾನೇ ಆನ್ ಆಗುತ್ತದೆ. ಅದು ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುವ ಉಪಾಯ, ಅಲುಗುವುದೆಲ್ಲ ಕಲಸಿಹೋಗುತ್ತದೆ. ಅದನ್ನು ಆಫ್ ಮಾಡಿ. ಕೆಂಪು ಬಣ್ಣದ ಮುಖಕ್ಕೆ ಬೆರಳಿಟ್ಟು ಬೆಳಕನ್ನು ಚೆನ್ನಾಗಿಯೇ ಇಳಿಸಿ. ಕೆಂಡದ ಬೆಳಕಿನಲ್ಲಿ ಕೆಂಪು ಬೇಗ ಸುಟ್ಟುಹೋಗುತ್ತದೆ, ಕಣ್ಣಿನ ಸುತ್ತಿನ ಗೆರೆಗಳೇ ಕಾಣದಾಗುತ್ತವೆ. ಸುತ್ತಲಿನದು ಕತ್ತಲಾದರೆ ಆಗಲಿ. ಫ್ಲ್ಯಾಶ್ ಹಾಕಿದರೆ ಬೆಂಕಿಯ ಬೆಳಕೇ ಸತ್ತುಹೋಗುತ್ತದೆ, ಪಕ್ಕದವರ ಬೈಗಳೂ ಗ್ಯಾರಂಟಿ.

ಯಕ್ಷಗಾನದ ರಂಗಸ್ಥಳದಲ್ಲಿ ಬೇರೆ ತೊಂದರೆ. ಎಲ್‌ಇಡಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚಿತ್ರದ ಮೇಲೆ ಅಡ್ಡ ಪಟ್ಟಿ ಬೀಳುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರನ್ನು 1/100ಕ್ಕೆ ಇಟ್ಟರೆ ಪಟ್ಟಿ ಹೋಗುತ್ತದೆ. ಆ ವೇಗಕ್ಕೆ ಧಿಗಿಣ (ಸುತ್ತುತ್ತಾ ಹಾರುವ ಕುಣಿತ) ಮಸುಕಾಗುತ್ತದೆ ನಿಜ. ವೇಷ ಒಂದು ಕ್ಷಣ ನಿಲ್ಲುವ ಜಾಗ ತಾಳದಲ್ಲೇ ಇರುತ್ತದೆ, ಚೆಂಡೆ ಕೇಳುತ್ತಾ ಕಾಯಿರಿ.

ಮಳೆಗಾಲದ ಜೋಪಾನ

ದೊಡ್ಡ ಕ್ಯಾಮೆರಾದ ಲೆನ್ಸಿಗೆ ಇಲ್ಲಿ ಮಳೆಗಿಂತ ಗಾಳಿಯ ತೇವ ಶತ್ರು. ಬ್ಯಾಗಿನಲ್ಲೇ ಮುಚ್ಚಿಟ್ಟರೆ ಒಳಗೆ ಜೇಡರ ಬಲೆಯಂಥ ಬೂಸು ಬೆಳೆಯುತ್ತದೆ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರು, ಇಷ್ಟಿದ್ದರೆ ಸಾಕು. ಮೀಟರು ಶೇಕಡಾ 40ರಿಂದ 50ರ ನಡುವೆ ನಿಲ್ಲಲಿ. ಅಕ್ಕಿಯಲ್ಲಿ ಹೂತಿಡಬೇಡಿ, ಅದರ ಪುಡಿ ಒಳಗೆ ಸೇರುತ್ತದೆ. ಏಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರತೆಗೆದರೆ ಲೆನ್ಸ್ ಬೆವರುತ್ತದೆ. ಹತ್ತು ಹದಿನೈದು ನಿಮಿಷ ಬ್ಯಾಗಿನಲ್ಲೇ ಇರಲಿ. ಕಡಲತಡಿಯಿಂದ ಬಂದ ಮೇಲೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಹೊರಮೈ ಒರೆಸಿ, ಉಪ್ಪು ಹೋಗಬೇಕು.

ತೆಗೆದ ಮೇಲೆ

ಅದೇ ರಾತ್ರಿ ಆರಿಸಿ. ನಾಳೆ ಎಂದರೆ ಆಗುವುದಿಲ್ಲ. ವಾಟ್ಸಾಪಿನಲ್ಲಿ ಸುಮ್ನೆ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಪ್ರಿಂಟ್ ಹಾಕಿಸುವುದಿದ್ದರೆ ಡಾಕ್ಯುಮೆಂಟ್ ಎಂದು ಕಳಿಸಿ. ಮೊಬೈಲಿನಲ್ಲಿ ಒಂದು, ಹಾರ್ಡ್‌ಡಿಸ್ಕಿನಲ್ಲೋ ಕ್ಲೌಡಿನಲ್ಲೋ ಇನ್ನೊಂದು ಪ್ರತಿ ಇರಲಿ. ಮೊಬೈಲ್ ಕೆರೆಗೆ ಬೀಳುವುದು, ಮಗು ಎಸೆಯುವುದು ಎಲ್ಲ ನಡೆಯುವಂಥದ್ದೇ.

ವರ್ಷಕ್ಕೆ ಒಂದಿಷ್ಟಾದರೂ ಕಾಗದಕ್ಕೆ ಇಳಿಸಿ. ಅಜ್ಜಿಗೆ ಮೊಬೈಲಿನಲ್ಲಿ ತೋರಿಸಿದರೆ ಬೆರಳು ತಾಗಿ ಬೇರೇನೋ ಬರುತ್ತದೆ. ಪ್ರಿಂಟನ್ನು ಮಡಿಲಲ್ಲಿ ಇಟ್ಟು ನೋಡುತ್ತಾರೆ. ಹಿಂದುಗಡೆ ಪೆನ್ಸಿಲಿನಲ್ಲಿ ಹೆಸರು, ಊರು, ಇಸವಿ ಬರೆಯಿರಿ, ಶಾಯಿ ಮುಂದಕ್ಕೆ ಇಳಿಯುತ್ತದೆ. ಆಲ್ಬಮ್ಮನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಮುರಕಲ್ಲಿನ ಗೋಡೆ ಮಳೆಗಾಲವಿಡೀ ನೀರು ಕುಡಿಯುತ್ತದೆ. ನಡುಮನೆಯ ಕಪಾಟು ಲೇಸು, ನಾಲ್ಕು ಸಿಲಿಕಾ ಪೊಟ್ಟಣ ಅಲ್ಲಿಗೂ ಹಾಕಿ.